ನಾಲ್ಕರಿಂದ ಐದೂವರೆ

ಪೆರಿಕಲ್ಲೂರು
8 ನವೆಂಬರ್ 2025, ಶನಿವಾರ

ಮಗಳು ಸುಮಳಿಗೆ,

ನಿನಗೂ ಅಳಿಯಂದಿರಿಗೂ ಪಾಪುವಿಗೂ ನಿನ್ನ ತಾಯಿಯ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಮೈ ಕ್ಷೇಮವಾಗಿಯೇ ಇದೆ. ಮನಸ್ಸಿಗೆ ಮಾತ್ರ ಹಳಸಿದ ಸಾರನ್ನು ಬಾಯಿಗೆ ಹಾಕಿಕೊಂಡ ಹಾಗಾಗಿದೆ. ಉಗುಳಲು ಜಾಗ ಸಿಗದೆ ಕೂತಿದ್ದೇನೆ.

ಕಾಗದ ಬರೆಯುತ್ತೇನೆ ಎಂದು ಹೇಳಿ ತಿಂಗಳು ದಾಟಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಮದುವೆಮನೆಯ ರವಿಕೆಗಳು ಒಟ್ಟಿಗೇ ಬಂದು ತಲೆಯ ಮೇಲೆ ಕೂತಿದ್ದವು. ಪಾಪುವಿಗೆ ಹೊಲಿದ ಎರಡು ಕುಲಾವಿ ಇದರ ಜೊತೆಗಿವೆ. ಕಿವಿ ಮುಚ್ಚುವ ಹಾಗೆ ಕಟ್ಟು, ಈ ತಿಂಗಳ ಗಾಳಿ ಒಳ್ಳೆಯದಲ್ಲ. ಮೇಲಿನ ಹಲ್ಲು ಬಂತೇ? ಕಡವಿನಲ್ಲಿ ದೋಣಿ ನಡೆಸುವ ಬಾಲನ್ ಇದನ್ನು ತೋಣಿಯಲ್ಲಿ ಹೊಳೆ ದಾಟಿಸಿ, ಬೈರಕುಪ್ಪೆಯಲ್ಲಿ ಕೋಟೆ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇನೆ ಎಂದಿದ್ದಾನೆ. ಮಧ್ಯಾಹ್ನದೊಳಗೆ ಅಂತರಸಂತೆಯಲ್ಲಿ ನಿನಗೆ ಸಿಗುತ್ತದೆ. ಫೋನಿದ್ದೂ ಕಾಗದ ಯಾಕೆ ಎಂದು ಕೇಳಬೇಡ. ಫೋನಿನ ಕಥೆಯನ್ನು ಹೇಳುವುದಕ್ಕೇ ಈ ಕಾಗದ.

ದಿವಾಕರನ್ ಅವರ ವಿಷಯ ನಿನಗೆ ಗೊತ್ತಿದೆ. ಆದರೂ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಈ ಮನೆಯಲ್ಲಿ ಅದನ್ನು ಯಾರೂ ಒಂದು ಸಲವಾದರೂ ನೆಟ್ಟಗೆ ಹೇಳಿಲ್ಲ. ಎಲ್ಲರೂ ಮೂಗು ಮುಚ್ಚಿಕೊಂಡೇ ಹೇಳುತ್ತಾರೆ. ಅವರು ಮಾನಂದವಾಡಿಯ ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸದ ಪಕ್ಕ ನಿಂತು ಕಿವಿ ಕಳೆದುಕೊಂಡವರು. ಹೆಂಡತಿ ತೀರಿಕೊಂಡ ಮೇಲೆ ಆಕೆಯ ಹೊಲಿಗೆ ಮೆಷೀನನ್ನು ಜೀಪಿನಲ್ಲಿ ಹಾಕಿಕೊಂಡು ಮಾರಲು ಬಂದರು. ಕೊಂಡವಳು ನಾನು. ತಿಂಗಳಾದ ಮೇಲೆ, ಮೆಷೀನು ಹೇಗೆ ಓಡುತ್ತಿದೆ ಎಂದು ನೋಡಲು ಬಂದರು. ಆಮೇಲೆ ವಿಚಾರಿಸುವುದೇ ಅಭ್ಯಾಸವಾಯಿತು. ನಿಮ್ಮಪ್ಪ ಹೋಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ನಾನು ಹೊಲಿದ ಬಟ್ಟೆಯ ಅಳತೆ ಕೇಳಿದವರು ನೂರು ಜನ, ನನ್ನ ಬೆನ್ನುನೋವು ಹೇಗಿದೆ ಎಂದು ಕೇಳಿದವರು ಅವರೊಬ್ಬರೇ.

ಅವರಿಗೆ ಕೇಳಿಸುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಮೆಸೇಜು ಬರೆಯೋಣವೆಂದರೆ ನಾನು ಓದಿದ್ದು ಹೊಳೆಯಾಚೆ ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡುತ್ತೇನೆ, ಅಕ್ಷರ ಬರುವುದಿಲ್ಲ. ಅವರಿಗೆ ಮಲಯಾಳ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಮುಖ ಕಂಡರೆ ಮಾತ್ರ ಮಾತು. ಮನೆಯಲ್ಲಿ ಸಿಮ್ಮಿನ ರೇಂಜ್ ಒಂದು ಕಡ್ಡಿ, ಅದೂ ಜಗಲಿಯ ತುದಿಗೆ ಹೋದರೆ. ವೀಡಿಯೋ ಕಾಲಿಗೆ ವೈಫೈ ಒಂದೇ ದಾರಿ. ಹೊಲಿಗೆ ಎತ್ತಿಟ್ಟು, ಅವರು ಹಾಲು ಹಾಕದ ಕಟ್ಟನ್ ಚಹಾ ಕುಡಿದು ಕೂತ ಮೇಲೆ, ದಿನಾ ನಾಲ್ಕರಿಂದ ಒಂದೂವರೆ ಗಂಟೆ. ಓಣಂ ಕಳೆದ ವಾರ ಅವರು ಕೇಳಿದರು, ಇಬ್ಬರೂ ಬೇರೆ ಬೇರೆ ಒಲೆಯ ಮೇಲೆ ಒಂದೊಂದು ಪಾವು ಅಕ್ಕಿ ಬೇಯಿಸಿಕೊಂಡು ಎಷ್ಟು ದಿನ ಇರುವುದು ಎಂದು. ದೀಪಾವಳಿಗೆ ಉತ್ತರ ಹೇಳುತ್ತೇನೆ ಎಂದಿದ್ದೆ.

ದೀಪಾವಳಿಗೆ ನನ್ನ ಮುಖ ಅವರಿಗೆ ಕಾಣಲಿಲ್ಲ. ಆಯುಧಪೂಜೆ ಕಳೆದ ವಾರದಿಂದಲೇ ನೆಟ್ ನಿಂತಿತ್ತು. ಪೂರ್ತಿ ನಿಂತಿದ್ದರೆ ಒಂದು ಮಾತು. ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಬರುತ್ತದೆ, ನಾಲ್ಕು ಗಂಟೆಗೆ ಸರಿಯಾಗಿ ಹೋಗುತ್ತದೆ. ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ ಎಂದು ಫೋನು ಹೇಳುತ್ತದೆ. ಅಂಗಡಿಗೆ ಕರೆದು ಬಾಗಿಲು ಹಾಕಿಕೊಂಡ ಹಾಗೆ. ಬೇರೆ ಹೊತ್ತಿಗೆ ಮಾಡೋಣವೆಂದರೆ ಅವರಿಗೆ ರಿಂಗು ಕೇಳಿಸುವುದಿಲ್ಲ, ಫೋನಿನ ಮುಂದೆ ಕೂರುವುದು ಆ ಹೊತ್ತಿನಲ್ಲಿ ಮಾತ್ರ. ನಿನ್ನ ತಮ್ಮ ರಜೀಶ ಏಳಕ್ಕೆ ಪುಲ್ಪಳ್ಳಿಯಿಂದ ಆಟೋ ತಂದು ನಿಲ್ಲಿಸಿ ಒಳಗೆ ಬಂದು ನೋಡಿದರೆ ಎಲ್ಲ ಸರಿ. "ಬರ್ತಾ ಉಂಟಲ್ಲಮ್ಮ. ನಿನ್ನ ಫೋನೇ ಕೇಡು. ಹಳೇದಾಯ್ತು." ಹೀಗೆ ಹೇಳಿ, ನನ್ನ ಫೋನನ್ನು ಬನಿಯನ್ನಿಗೆ ಒರೆಸಿ, ಆಫ್ ಮಾಡಿ, ಆನ್ ಮಾಡಿ, ಕೈಗೆ ಕೊಡುತ್ತಿದ್ದ. ಎಂಥ ಅಕ್ಕರೆಯ ಮಗ ಎಂದು ನಾನು ಎರಡು ಮೊಟ್ಟೆ ಹೆಚ್ಚಿಗೆ ಹುರಿದು ಹಾಕುತ್ತಿದ್ದೆ. ಥೂ.

ನಿನ್ನ ಚಿಕ್ಕಪ್ಪ ಶಾಂತರಾಜು ಬೇಲಿಯ ಆಚೆಯಿಂದಲೇ ಬುದ್ಧಿ ಹೇಳಿದ: "ಅತ್ತಿಗೆ, ಈ ವಯಸ್ಸಲ್ಲಿ ನಿಮ್ಗೆ ವೀಡಿಯೋ ಯಾತಕ್ಕೆ? ನಮ್ಮನೇಲಿ ರೇಡಿಯೋ ಸುಮ್ನೆ ಬಿದ್ದದೆ, ಕಳಿಸ್ಕೊಡ್ತೀನಿ. ಭಜನೆ ಕೇಳ್ಕೊಂಡು ಹೊಲೀರಿ." ನಿನ್ನ ಹಳೆಯ ಚಿಕ್ಕಮ್ಮನ ವರ್ಷದ ತಿಥಿ ಬರುವ ಮೊದಲೇ ಹೊಸ ಚಿಕ್ಕಮ್ಮನನ್ನು ಜೀಪಿನಲ್ಲಿ ಇಳಿಸಿಕೊಂಡವನು ಇವನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ರೇಡಿಯೋ ನಿನ್ನ ಹತ್ತಿರವೇ ಇರಲಿ, ಬ್ಯಾಟರಿಯೂ ಇರಲಿ ಎಂದೆ. ಅದಕ್ಕೂ ನಕ್ಕ. ಆ ನಗುವನ್ನು ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ.

ಕಂಪನಿಯ ನಂಬರಿಗೆ ಮಾಡಿದೆ. ಮಲಯಾಳಕ್ಕೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಒಂದು ಒತ್ತಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಬ್ಬ ಹೆಂಗಸು ಮುದ್ದಾಗಿ ಹೇಳಿ, ಇಪ್ಪತ್ತು ನಿಮಿಷ ಕೊಳಲು ಊದಿಸಿದಳು. ಕೊನೆಗೆ ಒಬ್ಬ ಗಂಡಸು ಬಂದು, ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ಮನೆಯ ಒಳಗೆ ನೋಡಿಕೊಳ್ಳಿ ಎಂದ. ಬಹಳ ಕೋಪ ಬಂದಿತ್ತು. ಈಗ ನೆನೆದರೆ ಐದು ವಾರದಲ್ಲಿ ನನಗೆ ನಿಜ ಹೇಳಿದ ಮೊದಲನೆಯ ಮನುಷ್ಯ ಅವನೇ.

ಕಳೆದ ಮಂಗಳವಾರ, ಸರಿಯಾಗಿ ನಾಲ್ಕಕ್ಕೆ, ಜಗಲಿಯ ತುದಿಯಲ್ಲಿ ನಿಂತು ಜಯನ್‌ಗೆ ಫೋನು ಮಾಡಿದೆ. ವೈಫೈ ಡಬ್ಬವನ್ನು ನಮ್ಮ ಗೋಡೆಗೆ ಹೊಡೆದವನು ಅವನೇ. ನಮ್ಮವರ ಮನೆಗಳಿಗೆ ಹೋಗಿ ಹೋಗಿ ಕನ್ನಡ ಬೆರೆಸಿ ಮಾತಾಡುತ್ತಾನೆ. ಎಲ್ಲೋ ಕಂಬದ ಮೇಲಿದ್ದ. "ಚೇಚೀ, ಈ ವಾರ ಬರೋಕಾಗಲ್ಲ. ನೀವೇ ಸೆಟ್ಟಿಂಗ್ಸ್ ಪೇಜ್ ತೆಗೀರಿ, ನಾನು ಹೇಳ್ತೇನೆ" ಎಂದು ಒಂದು ಅಂಕಿಸಾಲು ಹೇಳಿದ. ಒಂದು ಒಂಬತ್ತು ಎರಡು, ಚುಕ್ಕಿ, ಒಂದು ಆರು ಎಂಟು, ಚುಕ್ಕಿ, ಒಂದು, ಚುಕ್ಕಿ, ಒಂದು. ಅಳತೆ ಬರೆಯುವ ಪುಸ್ತಕದಲ್ಲಿ, ಸೊಂಟ ಮೂವತ್ತೆರಡರ ಕೆಳಗೆ, ಬರೆದುಕೊಂಡೆ.

ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದೆ. ಏನೂ ಬರಲಿಲ್ಲ. "ಅಲ್ಲಲ್ಲ ಚೇಚೀ, ಅದು ಹುಡುಕೋ ಜಾಗ. ಬ್ರೌಸರ್ ತೆಗೀರಿ. ತಲೇಲಿ ಉದ್ದ ಪೆಟ್ಟಿಗೆ ಉಂಟಲ್ಲ, ಅದ್ರಲ್ಲಿ." ಅದರಲ್ಲಿ ಹಾಕಿದೆ. ಸೈಟು ಸಿಗುತ್ತಿಲ್ಲ. ಚುಕ್ಕಿಯ ಬದಲು ಅಲ್ಪವಿರಾಮ ಒತ್ತಿದ್ದೆ. ಸರಿ ಮಾಡಿದೆ. ಆಗಲೂ ಇಲ್ಲ. "ಸಿಮ್ಮಿನ ಡೇಟಾ ಓಫ್ ಮಾಡಿ. ವೈಫೈಲಿ ನೆಟ್ ಇಲ್ಲ ಅಂತ ಕಂಡ್ರೆ ಫೋನು ಆ ಕಡೆಗೆ ಓಡಿಹೋಗ್ತದೆ. ಆ ಪೇಜು ಮನೆ ವೈಫೈಯಿಂದ ಮಾತ್ರ ತೆಗೀತದೆ." ಓಫ್ ಮಾಡಿದೆ. ಮತ್ತೂ ಇಲ್ಲ. ಕಂಬದ ಮೇಲೆ ಅವನೂ ತಲೆ ಕೆರೆದುಕೊಂಡಿರಬೇಕು. ಆಮೇಲೆ ಹೇಳಿದ, ಕೆಲವು ಡಬ್ಬಕ್ಕೆ ಅಡ್ರೆಸ್ಸೇ ಬೇರೆ, ಡಬ್ಬದ ಅಡಿಯಲ್ಲಿ ಸ್ಟಿಕರ್ ಇರುತ್ತದೆ, ಅದರಲ್ಲೇ ಪಾಸ್‌ವರ್ಡೂ ಇರುತ್ತದೆ ಎಂದು. ಪಕ್ಕದ ತೂತಿಗೆ ಪಿನ್ನು ಚುಚ್ಚಬೇಡಿ, ಕಂಪನಿ ಹಾಕಿದ್ದೂ ಅಳಿಸಿಹೋಗುತ್ತದೆ ಎಂದು ಹೆದರಿಸಿ ಫೋನಿಟ್ಟ.

ಸ್ಟೂಲು ಹತ್ತಿ ಡಬ್ಬ ಇಳಿಸಿದೆ. ಅದರ ಹಿಂದೆ ಏನಿತ್ತು ಎಂದು ನೀನು ಊಟದ ಹೊತ್ತಿನಲ್ಲಿ ಓದಬೇಡ. ಡಬ್ಬ ಬೆಚ್ಚಗಿರುತ್ತದಲ್ಲ, ಹಲ್ಲಿ ಮೊಟ್ಟೆ ಇಟ್ಟು ಸಂಸಾರ ಹೂಡಿತ್ತು. ಹಿಕ್ಕೆ, ಸತ್ತ ಇರುವೆ, ಒಡೆದ ಸಿಪ್ಪೆ, ಎಲ್ಲ ನನ್ನ ಮುಂಗೈ ಮೇಲೆ ಸುರಿಯಿತು. ಮಗುಚಿ ನೋಡಿದರೆ ಸ್ಟಿಕರೇ ಇಲ್ಲ! ಇದ್ದದ್ದು ಮೂರು ಎಳೆ ವಿಭೂತಿ, ನಡುವೆ ಕಾಸಗಲ ಕುಂಕುಮ. ಹಾಕಿದವಳು ನಾನೇ. ಆಯುಧಪೂಜೆಗೆ ಕತ್ತರಿ, ಮೆಷೀನು, ರಜೀಶನ ಆಟೋ, ಮಿಕ್ಸಿ ಎಲ್ಲಕ್ಕೂ ಹಚ್ಚಿ, ಇದೂ ಮನೆಯ ಆಯುಧವೇ ತಾನೆ ಎಂದು ಇಳಿಸಿದ್ದೆ. ಮೇಲೆಲ್ಲ ತೂತು, ಕುಂಕುಮ ಒಳಗೆ ಬಿದ್ದರೆ ಕೆಡುತ್ತದೆಂದು ಬುದ್ಧಿವಂತಿಕೆ ಮಾಡಿ, ನೀರಲ್ಲಿ ಕಲಸಿ ಹೊಟ್ಟೆಗೇ ಬಳಿದಿದ್ದೆ. ಅದು ಗಾರೆಯ ಹಾಗೆ ಗಟ್ಟಿಯಾಗಿತ್ತು. ಕಳ್ಳತನ ಮಾಡಿದವರು ಬೇರೆ, ಸಾಕ್ಷಿಗೆ ಬೊಟ್ಟಿಟ್ಟು ಮುಚ್ಚಿದವಳು ನಾನು.

ಬುಧವಾರ ಬೆಳಿಗ್ಗೆ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ, ಮಗುವಿನ ತಲೆಯ ಹೊಟ್ಟು ತೆಗೆಯುವ ಹಾಗೆ ನಿಧಾನವಾಗಿ ತೆಗೆದೆ. ಅಂಕಿ ಒಂದೊಂದೇ ಎದ್ದುಬಂದವು. ಜಯನ್ ಹೇಳಿದ್ದು ಕೊನೆಗೆ ಒಂದು ಚುಕ್ಕಿ ಒಂದು. ಇದರಲ್ಲಿದ್ದದ್ದು ನೂರು ಚುಕ್ಕಿ ಒಂದು. ಡಬ್ಬ ಮತ್ತೆ ಸಿಕ್ಕಿಸಿ, ಅಂಕಿ ಹಾಕಿ ಒತ್ತಿದೆ. ಇದು ಸುರಕ್ಷಿತವಲ್ಲ ಎಂದು ಫೋನು ಹೆದರಿಸಿತು. ಈ ಮನೆಯಲ್ಲಿ ಯಾವುದು ಸುರಕ್ಷಿತ ಎಂದುಕೊಂಡು ಮುಂದಕ್ಕೆ ಒತ್ತಿದೆ. ಹೆಸರು, ಪಾಸ್‌ವರ್ಡ್ ಕೇಳಿತು. ಸ್ಟಿಕರಿನಲ್ಲಿದ್ದದ್ದನ್ನೇ ಹಾಕಿದೆ, ತೆರೆಯಿತು. ಐವತ್ಮೂರು ವರ್ಷಕ್ಕೆ ಒಂದು ಬೀಗ ನಾನಾಗಿ ತೆರೆದೆ ಎಂದು ಎಷ್ಟು ಹಿಗ್ಗಿದೆ ಗೊತ್ತೇ? ಆ ಹಿಗ್ಗು ಕಾಲು ಗಂಟೆ ಇತ್ತು.

ಜಯನ್‌ಗೆ ಫೋನು ಮಾಡಿ, ಕಂಡದ್ದನ್ನೆಲ್ಲ ಅಕ್ಷರ ಕೂಡಿಸಿ ಓದಿ ಹೇಳಿದೆ. ಒಂದೊಂದೇ ಕಡೆ ಒತ್ತಿಸಿದ. ಮನೆಯ ಫೋನುಗಳ ಪಟ್ಟಿ ಬಂತು. ರಜೀಶನದು, ಟೀವಿಯದು, ನನ್ನದು, "ಪ್ರೇಮಲತಾ ಟೈಲರ್" ಎಂದು. ಇನ್ನೊಂದು ಕಡೆ ಒತ್ತಿಸಿದ, ಪೇರೆಂಟಲ್ ಕಂಟ್ರೋಲ್ ಎಂದಿತ್ತು. ಅಲ್ಲಿಯೂ ನನ್ನ ಹೆಸರು, ನನ್ನದೊಂದೇ. ಎದುರಿಗೆ ಹದಿನಾರು ಸೊನ್ನೆ ಸೊನ್ನೆಯಿಂದ ಹದಿನೇಳು ಮೂವತ್ತು, ವಾರದ ಏಳೂ ದಿನ.

ಜಯನ್ ಅದನ್ನು ಇನ್ನೊಂದು ಸಲ ಓದಿಸಿಕೊಂಡ. "ಚೇಚೀ, ಇದು ಕೇಡಲ್ಲ. ಹದಿನಾರು ಅಂದ್ರೆ ವೈಗುನ್ನೇರ, ಸಾಯಂಕಾಲ ನಾಲ್ಕು. ಮಕ್ಕಳು ಹೊತ್ತುಗೊತ್ತಿಲ್ಲದೆ ಫೋನ್ ನೋಡಬಾರ್ದು ಅಂತ ಅಪ್ಪ ಅಮ್ಮ ಬೀಗ ಹಾಕೋ ಜಾಗ ಇದು. ಯಾರೋ ಬೇಕಂತಲೇ ಇಟ್ಟದ್ದು." ನಮ್ಮ ಮನೆಯಲ್ಲಿ ಮಕ್ಕಳಿಲ್ಲ ಜಯಾ ಎಂದೆ. ಅವನಿಗೇ ನಾಚಿಕೆಯಾಗಿ, ಅಳಿಸೋದು ಹೇಗೆ ಹೇಳಲಾ ಎಂದ. ಬೇಡ, ಇಟ್ಟವನು ಬಂದು ನೋಡಲಿ ಎಂದೆ. ಮುಂಗೈ ಮೇಲೆ ಹಲ್ಲಿಯ ಹಿಕ್ಕೆ ಬಿದ್ದಾಗ ಆದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ಬಚ್ಚಲಿಗೆ ಹೋಗಿ ಎರಡು ಸಲ ಮುಖ ತೊಳೆದೆ.

ರಜೀಶ ಬಂದ. ಊಟಕ್ಕೆ ಕೂತವನ ತಟ್ಟೆಯ ಪಕ್ಕದಲ್ಲಿ ಫೋನಿಟ್ಟೆ. ಮೊದಲು, ಅದೆಲ್ಲ ನಿಂಗೆ ಮನ್ಸಿಲಾಗಲ್ಲ ಎಂದ. ಮನಸಿಲಾಗಿದೆ, ಚೆನ್ನಾಗಿ ಅರ್ಥವಾಗಿದೆ ಎಂದೆ. ಆಮೇಲೆ ಅವನ ಬಾಯಿ ತೆರೆಯಿತು. "ನಿನ್ನ ಒಳ್ಳೇದಕ್ಕೇ ಅಮ್ಮ. ಸ್ಟ್ಯಾಂಡಲ್ಲಿ ನಂಗೆ ಏನೇನಂತಾರೆ ಗೊತ್ತಾ? ನಿನ್ನಮ್ಮಂಗೆ ಕಿವುಡ ಸಿಕ್ಕಿದನಂತೆ, ಬೈದ್ರೂ ಕೇಳಿಸಲ್ಲ, ಸುಖ ಅಂತಾರೆ. ನಾಳೆ ನಂಗೆ ಪೆಣ್ಣು ಕೊಡೋರು ಯಾರು? ನೆನೆಸ್ಕೊಂಡ್ರೆ ಅಸಹ್ಯ ಆಗ್ತದೆ."

ಅಸಹ್ಯ ಎಂಬ ಮಾತನ್ನು ಅವನೇ ಎತ್ತಿದ್ದು ಒಳ್ಳೆಯದಾಯಿತು. ನಾನು ಹೇಳಿದೆ: "ಅಡ್ಡ ನಿಂತ್ಕಂಡು ಬೇಡ ಅಂದಿದ್ರೆ ನೀನು ಗಂಡಸು ಕಣೋ. ಕೂಗಾಡಿದ್ರೂ ಮಗ ಅಂತಿದ್ದೆ. ಐದು ವಾರ ನನ್ನ ಪಕ್ಕ ಕೂತ್ಕಂಡು, ಫೋನ್ ಒರೆಸ್ಕಂಡು, ಅಯ್ಯೋ ಏನಾಯ್ತೋ ಅಂದ್ಯಲ್ಲ, ಅದು ಅಸಹ್ಯ. ನೀನು ಬೀಗ ಹಾಕಿದ್ದಕ್ಕಲ್ಲ ಅಸಹ್ಯ, ಹಾಕಿ ನನ್ನ ಜೊತೆ ಬೀಗದ ಕೈ ಹುಡುಕಿದ್ದಕ್ಕೆ." ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದ. ನಾನು ಉಂಡೆ. ಅವನು ಬಿಟ್ಟ ಮೀನನ್ನೂ ತಿಂದೆ.

ಗುರುವಾರ ಹೊಲಿಗೆ ಎತ್ತಿಟ್ಟು ಮಾನಂದವಾಡಿಗೆ ಬಸ್ಸು ಹತ್ತಿದೆ. ಮೊದಲೇ ಯಾಕೆ ಹೋಗಲಿಲ್ಲ ಎಂದು ನೀನು ಕೇಳಬಹುದು. ನಾನಾಗಿ ಅವರ ಮನೆಬಾಗಿಲಿಗೆ ಹೋಗಿ ನಿಂತರೆ ಅದೇ ಉತ್ತರವಾಗುತ್ತದೆ, ಉತ್ತರ ಗಟ್ಟಿಯಾಗುವ ತನಕ ಹೋಗಬಾರದು ಎಂದುಕೊಂಡಿದ್ದೆ. ಆ ಮರ್ಯಾದೆಯ ಲೆಕ್ಕಾಚಾರದ ಮೇಲೂ ಈಗ ನನಗೆ ಹೇಸಿಗೆ. ಅವರು ಜಗಲಿಯಲ್ಲಿ ಕೂತಿದ್ದರು. ಸೊರಗಿದ್ದರು. ದಿನಾ ನಾಲ್ಕಕ್ಕೆ ಅಂಗಿ ಬದಲಾಯಿಸಿ, ತಲೆ ಬಾಚಿ ಫೋನಿನ ಮುಂದೆ ಕೂರುತ್ತಾರೆ, ಐದೂವರೆಗೆ ಏಳುತ್ತಾರೆ ಎಂದು ಅವರ ತಂಗಿ ಹೇಳಿದಳು. ದೀಪಾವಳಿಯ ಮಾರನೆಯ ದಿನ ಮಾ‌ತ್ರ ಎದ್ದಿರಲಿಲ್ಲವಂತೆ, ಕತ್ತಲಾಗುವವರೆಗೂ ಅಲ್ಲೇ. ನಾನು ಬೇಡವೆಂದೆನೆಂದು ತಿಳಿದುಕೊಂಡಿದ್ದರು. ನನ್ನನ್ನು ಕಂಡು ಎದ್ದು ನಿಂತು, ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು, ಮೆಷೀನು ಕೆಟ್ಟುಹೋಯಿತೇ ಎಂದು. ನನಗೆ ಅಲ್ಲೇ ಅಳು ಬಂತು. ಅಳುತ್ತಲೇ ತುಟಿ ಸರಿಯಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ, ಮೆಷೀನು ಸರಿಯಾಗಿದೆ, ನನ್ನ ಉತ್ತರ ಹೌದು ಎಂದು.

ಬರುವ ಗುರುವಾರ, ಹದಿಮೂರನೆಯ ತಾರೀಖು, ಹನ್ನೊಂದು ಗಂಟೆಗೆ ಮಾನಂದವಾಡಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ನೋಟೀಸು ಕೊಡುತ್ತೇವೆ. ತಿಂಗಳು ಕಳೆದ ಮೇಲೆ ಸಹಿ. ಸಾಕ್ಷಿಗೆ ಜಯನ್ ಬರುತ್ತಾನೆ, ಅವರ ತಂಗಿ ಬರುತ್ತಾಳೆ. ಅನುಮತಿ ಕೇಳಲು ಬರೆಯುತ್ತಿಲ್ಲ. ಮೂರನೆಯವರ ಬಾಯಿಂದ ನಿನಗೆ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ. ಮನೆ ರಜೀಶನಿಗೇ ಇರಲಿ. ಹೊಲಿಗೆ ಮೆಷೀನು ಮಾತ್ರ ನಾನು ಕೊಂಡದ್ದು, ಅದನ್ನು ಒಯ್ಯುತ್ತೇನೆ.

ಪಾಪುವಿಗೆ ರಾಗಿ ಸರಿ ಗಟ್ಟಿಯಾಗಿ ಕೊಡಬೇಡ, ಹೊಟ್ಟೆ ಕಟ್ಟುತ್ತದೆ. ನೀನು ಹಾಲು ಕುಡಿಯುವುದನ್ನು ಬಿಡಬೇಡ. ಅಳಿಯಂದಿರಿಗೆ ಹೊಲದ ಕಡೆ ಹೋಗುವಾಗ ಜಾಗ್ರತೆ ಎಂದು ಹೇಳು, ಆನೆ ಇಳಿದಿದೆಯಂತೆ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಮಗ ನೂರು ವರ್ಷ ಬಾಳಲಿ, ದೊಡ್ಡವನಾದ ಮೇಲೆ ನಿನ್ನ ಮುಖ ನೋಡಿ ಮಾತಾಡುವ ಹಾಗಿರಲಿ.

ನಿನ್ನ ಅಮ್ಮ,
ಪ್ರೇಮಲತಾ

ತಾ. ಕ: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ, ಅಷ್ಟೇ.

ದಿವಾಕರನ್ ಅವರ ಹತ್ತಿರ ನಾನು ಮಾತಾಡುತ್ತೇನೆ ಎಂದು ರಜೀಶನಿಗೆ ಗೊತ್ತಿತ್ತು. ಎಷ್ಟು ಹೊತ್ತಿಗೆ ಎಂದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನು ಪುಲ್ಪಳ್ಳಿಯ ಸ್ಟ್ಯಾಂಡಿನಲ್ಲಿರುತ್ತಾನೆ. ಬುಧವಾರ ಅವನು ತಟ್ಟೆ ಬಿಟ್ಟು ಎದ್ದಾಗ, ಈ ಹೊತ್ತು ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಕೈ ತೊಳೆದುಕೊಂಡು ಬಂದ. ಆಮೇಲೆ, "ಅಕ್ಕನೇ ಹೇಳಿದ್ದು. ನಾಲ್ಕರಿಂದ ಐದೂವರೆ ಮಾತ್ರ ಹಾಕು, ಬಾಕಿ ಹೊತ್ತು ಬಿಡು, ಅಮ್ಮಂಗೆ ಡೌಟ್ ಬರಲ್ಲ ಅಂದ್ಳು" ಎಂದ.

ಬಾಣಂತನಕ್ಕೆ ಬಂದಿದ್ದೆಯಲ್ಲ, ನಾಲ್ಕಾಗುತ್ತಿದ್ದ ಹಾಗೆ ಪಾಪುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೋಗಮ್ಮ, ಅವ್ರು ಕಾಯ್ತಿರ್ತಾರೆ" ಎನ್ನುತ್ತಿದ್ದವಳು ನೀನು. ಈ ಐದು ಭಾನುವಾರವೂ ಫೋನು ಮಾಡಿ, "ನೆಟ್ ಸರಿಯಾಯ್ತಾಮ್ಮ?" ಎಂದು ಮೊದಲು ಕೇಳಿದವಳೂ ನೀನೇ. ನಿಮ್ಮತ್ತೆಯ ಮುಂದೆ ತಲೆ ತಗ್ಗುತ್ತದೆ ಎಂದಿದ್ದರೆ ನನಗೇ ಹೇಳಬಹುದಿತ್ತು ಸುಮಾ. ಜಗಳ ಆಡುತ್ತಿದ್ದೆವು, ಅತ್ತು ಮುಗಿಸುತ್ತಿದ್ದೆವು.

ರಜೀಶನ ಮೇಲೆ ಹೇಸಿಗೆ ಬಂತು. ನಾಲ್ಕು ದಿನಕ್ಕೆ ಅದು ಹೋಗುತ್ತದೆ, ಅವನಿಗೆ ಮತ್ತೆ ಮೊಟ್ಟೆ ಹುರಿಯುತ್ತೇನೆ. ನಿನ್ನ ಮೇಲೆ ಹೇಸಿಗೆಯೂ ಬರುತ್ತಿಲ್ಲ. ಗುರುವಾರ ಬರುವುದಾದರೆ ಬಾ, ಪಾಪುವನ್ನು ಕರೆದುಕೊಂಡು ಬಾ. ಬಂದರೂ ಬರದಿದ್ದರೂ ಕಾಗದ ಹಾಕುತ್ತಿರುತ್ತೇನೆ. ಊರಿನ ಸುದ್ದಿ, ಮಳೆಯ ಸುದ್ದಿ, ಮೈಯ ಸುದ್ದಿ ಎಲ್ಲ ಬರೆಯುತ್ತೇನೆ. ಮನಸ್ಸಿನಲ್ಲಿರುವುದನ್ನು ಮಾತ್ರ ಇನ್ನು ನಿನಗೆ ಹೇಳುವುದಿಲ್ಲ.